ಕಿವಿಗೆ ಬಿದ್ದ ಸಿನಿಮಾಗಳು



ಕಳೆದೊಂದು ವರ್ಷದಲ್ಲಿ ನಾನು ನೋಡಿ ಮೆಚ್ಚಿದ ಸಿನಿಮಾಗಳ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡುತ್ತೇನೆ. ಸಿನಿಮಾ ಕಣ್ಣಿಗೆ ಸೇರಿದ ಕಲೆ ಎನ್ನುತ್ತಾರೆ. ರೇಡಿಯೊದಲ್ಲಿ ಕೂತ ನಾನು ನಿಮಗೆ ಒಂದು ದೃಶ್ಯವನ್ನೂ ತೋರಿಸಲಾರೆ. ಆದ್ದರಿಂದ ಒಂದೇ ಎಳೆ ಹಿಡಿದು ಹೋಗುತ್ತೇನೆ. ಈ ಸಿನಿಮಾಗಳಲ್ಲಿ ನನ್ನ ಕಿವಿಗೆ ಏನು ಬಿತ್ತು? ಅಲ್ಲಿಯ ಜನ ಹೇಗೆ ಮಾತಾಡಿದರು? ಯಾವ ಸದ್ದು ಮನೆಗೆ ಬಂದ ಮೇಲೂ ಜೊತೆಗೆ ಉಳಿಯಿತು?

ಕೇಳುವುದು ನಮಗೆ ಹೊಸ ಕೆಲಸವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ಕೇಳಿಯೇ ಬೆಳೆದವರು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ ಉಂಟು, ಅರ್ಥಧಾರಿಯ ಮಾತು ಉಂಟು. ಅಷ್ಟರಲ್ಲೇ ಕುರುಕ್ಷೇತ್ರ ನಡೆದುಹೋಗುತ್ತದೆ. ಒಂದು ಕಾಲಕ್ಕೆ ಸಿನಿಮಾವನ್ನೂ ನಾವು ಹೀಗೇ ಕೇಳಿದ್ದೇವೆ. ಚಿತ್ರದ ಧ್ವನಿಯನ್ನಷ್ಟೇ ತೆಗೆದು, ಚಿಕ್ಕದು ಮಾಡಿ, ಆಕಾಶವಾಣಿಯಲ್ಲಿ ಹಾಕುತ್ತಿದ್ದರು. ಆಗ ನಮ್ಮ ಮನೆಗಳ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಾ ಕೂತಿರುತ್ತಿದ್ದರು. ಮಡಿಲಲ್ಲಿ ಗೆರಸೆ. ಕೈ ಎಲೆ ಕತ್ತರಿಸುತ್ತಿತ್ತು, ಹೊಗೆಸೊಪ್ಪು ತುಂಬುತ್ತಿತ್ತು, ಸುತ್ತಿ ನೂಲು ಕಟ್ಟುತ್ತಿತ್ತು. ಕಿವಿ ಪೂರ್ತಿ ರೇಡಿಯೊದ ಕಡೆಗೆ. ನಾಯಕಿ ಉಟ್ಟ ಸೀರೆಯ ಬಣ್ಣ ಅವರಿಗೆ ಗೊತ್ತಿರಲಿಲ್ಲ. ಆದರೆ ಅವಳ ಅತ್ತೆ ಎಂಥವಳು ಎಂಬುದು ಮೊದಲ ಎರಡು ಮಾತಿಗೇ ತಿಳಿದುಬಿಡುತ್ತಿತ್ತು. ಅವರಿಗೆ ಇದ್ದ ಆ ಕಿವಿಯನ್ನು ನೆನೆದುಕೊಂಡೇ ಈ ಭಾಷಣ ಬರೆದಿದ್ದೇನೆ.

ಮೊದಲ ಚಿತ್ರ 'ಸು ಫ್ರಮ್ ಸೋ'. 2025ರ ಜುಲೈ ಕೊನೆಯಲ್ಲಿ ತೆರೆಗೆ ಬಂತು. ಬರೆದು ನಿರ್ದೇಶಿಸಿದವರು ಜೆ.ಪಿ. ತುಮಿನಾಡು. ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಮುಖ್ಯರು. ಕೆಲವೇ ಕೋಟಿಯಲ್ಲಿ ತಯಾರಾದ ಚಿತ್ರ. ಗಳಿಕೆ ನೂರು ಕೋಟಿ ದಾಟಿತೆಂದು ಪತ್ರಿಕೆಗಳು ಬರೆದವು. ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ನೋಡದವರಿಗಾಗಿ ಕಥೆ ಇಷ್ಟು ಹೇಳುತ್ತೇನೆ. ಒಂದು ಹಳ್ಳಿ. ಅಲ್ಲಿ ಅಶೋಕ ಎಂಬ ಯುವಕ. ಒಂದು ಪೇಚಿನಿಂದ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನಂತೆ ನಟಿಸುತ್ತಾನೆ. ಆ ದೆವ್ವಕ್ಕೆ ಹೆಸರೂ ಸಿಗುತ್ತದೆ, ಊರೂ ಸಿಗುತ್ತದೆ. ಸೋಮೇಶ್ವರದ ಸುಲೋಚನಾ. ಅಲ್ಲಿಂದ ಮುಂದೆ ಊರಿಗೆ ಊರೇ ಅವನ ಹಿಂದೆ.

ಇದನ್ನು ಕಣ್ಣು ಮುಚ್ಚಿ ಕೇಳಿದರೂ ಊರು ಎದುರಿಗೆ ಬಂದು ನಿಲ್ಲುತ್ತದೆ. ಏಕೆಂದರೆ ಇಲ್ಲಿ ಯಾರೂ ಒಬ್ಬೊಬ್ಬರಾಗಿ ಸರದಿಯಲ್ಲಿ ಮಾತಾಡುವುದಿಲ್ಲ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಏರುತ್ತದೆ. ಯಾರೋ ಪ್ರಶ್ನೆ ಕೇಳುತ್ತಾರೆ, ಇನ್ನಾರೋ ಅದಕ್ಕೆ ಸಂಬಂಧವೇ ಇಲ್ಲದ ಉತ್ತರ ಕೊಡುತ್ತಾರೆ. ಸಾವಿನ ಮನೆಯಲ್ಲೂ ಮದುವೆ ಮನೆಯಲ್ಲೂ ನಮ್ಮವರು ಮಾತಾಡುವುದು ಹೀಗೆಯೇ. ರವಿಯಣ್ಣ ಎಂಬ ಪಾತ್ರವನ್ನು ಶನೀಲ್ ಗೌತಮ್ ಮಾಡಿದ್ದಾರೆ. ಊರಿನ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವವನು. 'ರವಿಯಣ್ಣ' ಎಂದು ಕರೆಯುವ ದನಿಯಲ್ಲೇ ಅವನಿಗೆ ಊರಿನಲ್ಲಿ ಎಷ್ಟು ಮರ್ಯಾದೆ ಎಂದು ಗೊತ್ತಾಗುತ್ತದೆ. ಪ್ರಕಾಶ್ ತುಮಿನಾಡು ಅವರ ಪಾತ್ರ ಊರಿಗೆಲ್ಲ 'ಬಾವ'. ಒಂದು ಮನೆಗೆ ಬಾವನಾಗಿ ಬಂದವನು ಕ್ರಮೇಣ ಎಲ್ಲರಿಗೂ ಬಾವನಾಗುವುದು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಉಂಟು. ಆ ಕರೆ ಕೇಳಿದರೆ ಸಾಕು, ವಿವರಣೆ ಬೇಡ. ನಮ್ಮ ಕಡೆಯ ಥಿಯೇಟರಿನಲ್ಲಿ ನಾನು ಗಮನಿಸಿದ್ದು, ಎಷ್ಟೋ ಕಡೆ ನಗು ಮಾತು ಮುಗಿಯುವ ಮೊದಲೇ ಏಳುತ್ತಿತ್ತು. ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಕೂತವರಿಗೆ ಮೊದಲೇ ಗೊತ್ತು.

ಆದರೆ ನಗುವಿಗಾಗಿ ಮಾತ್ರ ಈ ಚಿತ್ರವನ್ನು ನಾನು ಮೆಚ್ಚಿದ್ದಲ್ಲ. ಚಿತ್ರದ ಉತ್ತರಾರ್ಧದಲ್ಲಿ ಸುಲೋಚನಾಳ ಮಗಳು ಭಾನು ಬರುತ್ತಾಳೆ. ಸಂಧ್ಯಾ ಅರಕೆರೆ ಆ ಪಾತ್ರ ಮಾಡಿದ್ದಾರೆ. ಅವಳ ದನಿ ತಗ್ಗಿದ್ದು. ಅವಳಿಗೆ ನಿಜವಾದ ಕಷ್ಟವಿದೆ, ಗಂಡಸರಿಂದ ಬಂದ ಕಷ್ಟ. ಅವಳು ಬಾಯಿ ತೆರೆದಾಗ ಅಷ್ಟೂ ಹೊತ್ತು ಗದ್ದಲ ಮಾಡುತ್ತಿದ್ದ ಊರು ಸುಮ್ಮನಾಗಬೇಕಾಗುತ್ತದೆ. ಸತ್ತ ಹೆಂಗಸಿನ ದೆವ್ವಕ್ಕೆ ಹೆದರುವ ಜನ, ಬದುಕಿರುವ ಹೆಂಗಸಿನ ಮಾತನ್ನು ಕೇಳುತ್ತಾರೆಯೇ? ಚಿತ್ರ ಆ ಪ್ರಶ್ನೆಯನ್ನು ಭಾಷಣ ಮಾಡದೆ ಎತ್ತಿದೆ. ನನಗೆ ಇದು ಬಹಳ ಹಿಡಿಸಿತು.

ಇದುವರೆಗೆ ನಮ್ಮ ಊರಿನ ಮಾತು ತೆರೆಯ ಮೇಲೆ ಇದ್ದ ಹಾಗೆಯೇ ಬಂದದ್ದನ್ನು ಹೇಳಿದೆ. ಇದು ಯಾಕೆ ದೊಡ್ಡ ಸಂಗತಿ? ಅದನ್ನು ಸ್ವಲ್ಪ ಹಿಂದೆ ಹೋಗಿ ಹೇಳಬೇಕು. ಬಹಳ ವರ್ಷ ಕನ್ನಡ ಸಿನಿಮಾದಲ್ಲಿ ಕರಾವಳಿಯವನು ಎಂದರೆ ಹೋಟೆಲಿನ ಭಟ್ಟ, ಇಲ್ಲವೇ ಬ್ಯಾಂಕಿನ ಮೇನೇಜರು. ಅವನು ಬಾಯಿ ತೆರೆದು 'ಎಂತ ಮಾರಾಯ್ರೆ' ಎಂದರೆ ಸಾಕು, ನಗಬೇಕು. ಅವನಿಗೆ ಪ್ರೀತಿ ಹುಟ್ಟುವಂತಿರಲಿಲ್ಲ. ಅವನು ಅಳುವಂತಿರಲಿಲ್ಲ. ನಮ್ಮ ಮಾತಿನಲ್ಲೂ ಒಬ್ಬ ಮನುಷ್ಯ ಸಿಟ್ಟಾಗಬಹುದು, ಸೋಲಬಹುದು, ಸಾಯಬಹುದು ಎಂದು ತೋರಿಸಿದ್ದು ಈಚಿನ ಹತ್ತು ಹನ್ನೆರಡು ವರ್ಷಗಳ ಚಿತ್ರಗಳು. 2014ರಲ್ಲಿ 'ಉಳಿದವರು ಕಂಡಂತೆ', 2017ರಲ್ಲಿ 'ಒಂದು ಮೊಟ್ಟೆಯ ಕಥೆ'. 2018ರಲ್ಲಿ ಬಂದ 'ಸರಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಎಂಬ ಚಿತ್ರ ಮಕ್ಕಳ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿ ಪಡೆಯಿತು. ಅದರ ಚಿತ್ರೀಕರಣ ನಡೆದದ್ದು ಆಗ ಬಂಟ್ವಾಳ ತಾಲೂಕಿಗೆ ಸೇರಿದ್ದ ಕೈರಂಗಳದ ಶಾಲೆಯಲ್ಲಿ. ಈ ದಾರಿ ಹೀಗೆ ಸವೆದಿದ್ದರಿಂದಲೇ 'ಸು ಫ್ರಮ್ ಸೋ' ನಿರಾಯಾಸವಾಗಿ ನಡೆಯಿತು.

ಈ ಚಿತ್ರಗಳ ಕೊನೆಯಲ್ಲಿ ಬರುವ ಕಲಾವಿದರ ಪಟ್ಟಿಯನ್ನು ಯಾರಾದರೂ ಗಟ್ಟಿಯಾಗಿ ಓದಬೇಕು. ತುಮಿನಾಡು, ಪಾಣಾಜೆ, ವರ್ಕಾಡಿ, ವೇಣೂರು. ಸರ್ವಿಸ್ ಬಸ್ಸಿನ ಕಂಡಕ್ಟರು ಸ್ಟಾಪುಗಳ ಹೆಸರು ಕೂಗಿದ ಹಾಗೆ ಕೇಳುತ್ತದೆ. ಮಂಜೇಶ್ವರದ ಗಡಿಯಿಂದ ಬೆಳ್ತಂಗಡಿಯ ತನಕ ಹಬ್ಬಿದ ನಾಟಕ ತಂಡಗಳಲ್ಲಿ ಗಂಟಲು ಪಳಗಿಸಿಕೊಂಡವರು ಇವರಲ್ಲಿ ಬಹಳ ಮಂದಿ. ಮೈದಾನದಲ್ಲಿ ಕೊನೆಯ ಸಾಲಿಗೆ ಕೇಳುವಂತೆ ಮಾತಾಡಿ ಅಭ್ಯಾಸವಾದವರು ಕ್ಯಾಮರಾದ ಮುಂದೆ ದನಿ ತಗ್ಗಿಸುವುದನ್ನು ಕಲಿತಿದ್ದಾರೆ. ಅದು ಸಣ್ಣ ಸಾಧನೆಯಲ್ಲ.

ಕನ್ನಡ ಚಿತ್ರದಲ್ಲಿ ನಮ್ಮ ಮಾತು ಎಂಬಲ್ಲಿಗೆ ಬಂದೆವು. ಇನ್ನು ತುಳು ಚಿತ್ರದ ಕಡೆಗೆ ಬರೋಣ.

ಮೊದಲ ತುಳು ಸಿನಿಮಾ 'ಎನ್ನ ತಂಗಡಿ' ತೆರೆಕಂಡದ್ದು 1971ರಲ್ಲಿ. ಅಂದರೆ ಐವತ್ತು ವರ್ಷ ದಾಟಿತು. ಪತ್ರಿಕೆಯ ಜಾಹೀರಾತಿನ ಅಡಿಯಲ್ಲಿ ಮೂಡುಬಿದಿರೆಯ ಅಮರಶ್ರೀ, ಬೆಳ್ತಂಗಡಿಯ ಭಾರತ್, ಬಿ.ಸಿ. ರೋಡಿನ ನಕ್ಷತ್ರ ಎಂದು ಓದಿ ಸಂಜೆಯ ಆಟಕ್ಕೆ ಹೊರಟ ನೆನಪು ನಿಮ್ಮಲ್ಲೂ ಇರಬಹುದು. 2011ರ 'ಒರಿಯರ್ದೊರಿ ಅಸಲ್', 2014ರ 'ಚಾಲಿಪೋಲಿಲು' ತುಳು ಸಿನಿಮಾಕ್ಕೆ ದೊಡ್ಡ ಪ್ರೇಕ್ಷಕವರ್ಗ ತಂದುಕೊಟ್ಟವು. ಆ ನಗುವಿನ ಋಣ ದೊಡ್ಡದು. ಆದರೆ ಆಮೇಲೆ ಬಂದ ಹಲವು ಚಿತ್ರಗಳಲ್ಲಿ ಮಾತು ರಂಗದ ಮೇಲಿನ ಚಟಾಕಿಯಾಗಿಯೇ ಉಳಿಯಿತು. ಪಾತ್ರ ಬೇರೆ ಬೇರೆ, ಬಾಯಿ ಒಂದೇ ಎನ್ನುವ ಹಾಗೆ.

2024ರ ಡಿಸೆಂಬರಿನಲ್ಲಿ ಬಂದ 'ದಸ್ಕತ್' ಅದರಿಂದ ಸ್ವಲ್ಪ ಸರಿದು ನಿಂತಿತು. ನಿರ್ದೇಶಕರು ಬೆಳ್ತಂಗಡಿ ತಾಲೂಕಿನ ವೇಣೂರಿನವರು, ಅನೀಶ್ ಪೂಜಾರಿ. ಹಳ್ಳಿಯಲ್ಲಿ ಒಂದು ಸಹಿ ಎಂದರೆ ಏನೆಲ್ಲ ಎಂಬುದು ಅದರ ವಸ್ತು. ಪಂಚಾಯತ್ ಕಚೇರಿಯ ಮೆಟ್ಟಿಲು ಹತ್ತಿ ಇಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಾನು ಇಷ್ಟಪಟ್ಟದ್ದು ಅದರ ತುಳುವನ್ನು. ಪೇಟೆಯ ರಂಗಭೂಮಿಯ ಚುರುಕು ತುಳು ಒಂದು, ಗುಡ್ಡದ ಬುಡದ ಹಳ್ಳಿಯ ತುಳು ಇನ್ನೊಂದು. ಎರಡನೆಯದಕ್ಕೆ ಅವಸರ ಇಲ್ಲ. ಮಾತಿನ ನಡುವೆ ಎಡೆ ಬಿಡುತ್ತದೆ. ಆ ಎಡೆಯಲ್ಲಿ ಸಿಟ್ಟೂ ಇರುತ್ತದೆ, ಅಸಹಾಯಕತೆಯೂ ಇರುತ್ತದೆ. ಹೀಗೆ ಮಾತಾಡುವ ಜನರನ್ನು ನಾಯಕರನ್ನಾಗಿ ಮಾಡಿ ಇಡೀ ಚಿತ್ರ ನಿಲ್ಲಿಸಲು ಧೈರ್ಯ ಬೇಕು. ಆ ತಂಡಕ್ಕೆ ಅದು ಇತ್ತು.

ಮಾತಿನ ಚಿತ್ರಗಳನ್ನು ಹೇಳಿದ್ದಾಯಿತು. ಈಗ ಸದ್ದಿನ ಚಿತ್ರ. 2025ರ ಅಕ್ಟೋಬರ್ 2ರಂದು ಬಂದ 'ಕಾಂತಾರ ಅಧ್ಯಾಯ 1'. ಇದರ ಬಗ್ಗೆ ನೀವು ಎಲ್ಲ ಕಡೆ ಕೇಳಿದ್ದೀರಿ. ನಾನು ಹೆಚ್ಚು ಹೇಳುವುದಿಲ್ಲ. ರಿಷಬ್ ಶೆಟ್ಟಿಯವರ ಶ್ರಮ, ಅಜನೀಶ್ ಲೋಕನಾಥ್ ಅವರ ಸಂಗೀತ, ಎರಡೂ ಎದೆಗೆ ಬಡಿಯುವಂಥವು. ಆದರೂ ನನ್ನ ಮನಸ್ಸು 2022ರ ಮೊದಲ 'ಕಾಂತಾರ'ದ ಕಡೆಗೇ ವಾಲುತ್ತದೆ. ಅದರಲ್ಲಿ ಕುಂದಾಪುರದ ಮನೆಮಾತು ಕೇಳುತ್ತಿತ್ತು. ತಾಯಿ ಮಗನನ್ನು ಬೈಯುವುದು ಕೇಳುತ್ತಿತ್ತು. ಹೊಸ ಚಿತ್ರದಲ್ಲಿ ಯುದ್ಧದ ಅಬ್ಬರ ಅಂಥ ಸಣ್ಣ ದನಿಗಳನ್ನು ನುಂಗಿದೆ.

ಒಂದು ಮಾತು ಮಾತ್ರ ಇಲ್ಲಿ ಹೇಳಲೇಬೇಕು. ಚಿತ್ರ ನೋಡಿದ ಕೆಲವರು ಥಿಯೇಟರುಗಳಲ್ಲಿ, ಬೀದಿಗಳಲ್ಲಿ ದೈವದ ಕೂಗನ್ನು, ನಡೆಯನ್ನು ಅನುಕರಿಸಿದರು. ಹಾಗೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಂಡಿತು. ನಮ್ಮ ತಾಲೂಕುಗಳಲ್ಲಿ ದೀಪಾವಳಿ ಕಳೆದ ಮೇಲೆ ಪತ್ತನಾಜೆಯವರೆಗೆ ಕೋಲ, ನೇಮ ನಡೆಯುತ್ತಲೇ ಇರುತ್ತವೆ. ನಡುರಾತ್ರಿ ಪಾಡ್ದನ ಕೇಳುತ್ತದೆ, ತೆಂಬರೆ ಕೇಳುತ್ತದೆ, ಗಗ್ಗರದ ಸದ್ದು ಗದ್ದೆ ದಾಟಿ ಬರುತ್ತದೆ. ಹಾಸಿಗೆಯಲ್ಲಿ ಮಲಗಿದ ಅಜ್ಜಿ ಎದ್ದು ಕೂತು ಕೈ ಮುಗಿಯುತ್ತಾಳೆ. ಅವಳು ಏನನ್ನೂ ನೋಡಿಲ್ಲ, ಬರೀ ಕೇಳಿದ್ದಾಳೆ. ಆ ಕೂಗು ಅವಳಿಗೆ ಕಟ್ಟಳೆಗೆ ಸೇರಿದ್ದು. ಅದನ್ನು ಇಂಟರ್‌ವಲ್ಲಿನಲ್ಲಿ ಕೂಗಿ ಮೊಬೈಲಿನಲ್ಲಿ ಹಿಡಿಯುವುದು ನನಗೆ ನೋವು ತಂದಿತು.

ಊರಿನ ಗದ್ದಲ, ಹಳ್ಳಿಯ ತುಳು, ದೈವದ ಕೂಗು. ಇಷ್ಟನ್ನು ಕೇಳಿದೆವು. ಇನ್ನು ಇದಕ್ಕೆಲ್ಲ ತಿರುಗುಮುರುಗಾದ ಒಂದು ಚಿತ್ರ. ಅದರಲ್ಲಿ ಮುಖ್ಯ ಪಾತ್ರ ಬಹಳ ಹೊತ್ತು ಮಾತೇ ಆಡುವುದಿಲ್ಲ.

ಚಿತ್ರದ ಹೆಸರು 'ಮಿಥ್ಯ'. 2025ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ನಿರ್ದೇಶಕರು ಸುಮಂತ್ ಭಟ್. ಹನ್ನೊಂದು ವರ್ಷದ ಹುಡುಗ. ಮುಂಬಯಿಯಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಉಡುಪಿಗೆ, ಚಿಕ್ಕಮ್ಮನ ಮನೆಗೆ ಬಂದಿದ್ದಾನೆ. ಆತಿಶ್ ಶೆಟ್ಟಿ ಎಂಬ ಬಾಲಕ ಆ ಪಾತ್ರ ಮಾಡಿದ್ದಾನೆ. ಚಿಕ್ಕಮ್ಮನಾಗಿ ರೂಪಾ ವರ್ಕಾಡಿ, ಚಿಕ್ಕಪ್ಪನಾಗಿ ಪ್ರಕಾಶ್ ತುಮಿನಾಡು. ಹೌದು, ಆಗ ಹೇಳಿದ ಅದೇ ಬಾವ. ಅಲ್ಲಿ ಊರನ್ನೇ ನಗಿಸಿದ ಮನುಷ್ಯ ಇಲ್ಲಿ, ಕಡಿಮೆ ಸಂಬಳದಲ್ಲಿ ಮನೆ ನಡೆಸುತ್ತಾ, ಬಂದ ಮಗುವಿಗೆ ಏನು ಹೇಳಬೇಕೆಂದು ತಿಳಿಯದೆ ಒದ್ದಾಡುತ್ತಾನೆ.

ಮುಂಬಯಿ ನಮ್ಮ ಕರಾವಳಿಗೆ ದೂರದ ಊರಲ್ಲ. ಪ್ರತಿ ಊರಿನಿಂದಲೂ ಯಾರಾದರೂ ಅಲ್ಲಿಗೆ ಹೋಗಿದ್ದಾರೆ. ಹೋಟೆಲಿಗೆ, ಆಫೀಸಿಗೆ, ರಾತ್ರಿ ಶಾಲೆಗೆ. ಅಲ್ಲಿಂದ ಬರುವ ಸುದ್ದಿಯೂ ಗೊತ್ತು. ಒಳ್ಳೆಯ ಸುದ್ದಿಯೂ ಕೆಟ್ಟ ಸುದ್ದಿಯೂ. ಹಾಗೆ ಬಂದ ಮಗುವನ್ನು ನಾವು ಹೇಗೆ ಮಾತಾಡಿಸುತ್ತೇವೆ? 'ಊಟ ಆಯ್ತಾ ಮಗಾ?' 'ಶಾಲೆ ಹೇಗುಂಟು?' ಅಷ್ಟೇ ನಮಗೆ ಬರುವುದು. ಉಳಿದದ್ದನ್ನು ದೊಡ್ಡವರು ಒಳಗಿನ ಕೋಣೆಯಲ್ಲಿ ಮೆಲ್ಲಗೆ ಮಾತಾಡಿಕೊಳ್ಳುತ್ತಾರೆ. ಮಗುವಿಗೆ ಕೇಳುವುದಿಲ್ಲ ಎಂದುಕೊಳ್ಳುತ್ತಾರೆ. ಅದಕ್ಕೆ ಎಲ್ಲವೂ ಕೇಳುತ್ತಿರುತ್ತದೆ. 'ಮಿಥ್ಯ' ಇದನ್ನು ಹಿಡಿದ ಬಗೆ ನನ್ನನ್ನು ಕಾಡಿದೆ. ಬಾಗಿಲಿನಾಚೆಯ ಪಿಸುಮಾತು, ಸೈಕಲ್ಲಿನ ಸದ್ದು, ಹುಡುಗನ ಮೌನ. ಆ ಮೌನವನ್ನು ತುಂಬಲು ಹಿನ್ನೆಲೆ ಸಂಗೀತ ಓಡಿ ಬರುವುದಿಲ್ಲ. ರೇಡಿಯೊದಲ್ಲಿ ನಾವು ನಾಲ್ಕು ಕ್ಷಣ ಸುಮ್ಮನಿದ್ದರೆ, ಸ್ಟೇಷನ್ ಹೋಯಿತೇ ಎಂದು ನೀವು ಗುಂಡಿ ತಿರುಗಿಸುತ್ತೀರಿ. ಸುಮ್ಮನಿರುವುದು ಎಷ್ಟು ಕಷ್ಟ ಎಂದು ಮೈಕಿನ ಮುಂದೆ ಕೂತವರಿಗೆ ಗೊತ್ತು. ವರ್ಷದ ಚಿತ್ರಗಳಲ್ಲಿ ಒಂದನ್ನೇ ಆರಿಸಿ ಎಂದರೆ ನಾನು 'ಮಿಥ್ಯ'ವನ್ನು ಆರಿಸುತ್ತೇನೆ. ಥಿಯೇಟರಿನಲ್ಲಿ ಅದಕ್ಕೆ ಜನ ಸಾಲದೆ ಹೋದದ್ದು ಬೇಸರದ ಮಾತು.

ಕೇಳುಗರೇ, ಈ ನಾಲ್ಕೂ ಹೊಸ ಚಿತ್ರಗಳು. ಐದನೆಯದು ಹಳೆಯದು. ಆದರೆ ಕಳೆದ ವರ್ಷವೇ ಅದನ್ನು ಮತ್ತೆ ನೋಡಲು ಕಾರಣವಿತ್ತು. 'ಚೋಮನ ದುಡಿ' 1975ರ ಚಿತ್ರ. ಅದಕ್ಕೆ ಐವತ್ತು ತುಂಬಿತು.

ಶಿವರಾಮ ಕಾರಂತರ ಕಾದಂಬರಿ ನಿಮಗೆ ಗೊತ್ತು. ಚಿತ್ರವನ್ನು ನಿರ್ದೇಶಿಸಿದವರು ಬಿ.ವಿ. ಕಾರಂತರು. ಅವರು ಹುಟ್ಟಿದ್ದು 1929ರಲ್ಲಿ, ಬಂಟ್ವಾಳ ತಾಲೂಕಿನ ಮಂಚಿ ಗ್ರಾಮದ ಬಾಬುಕೋಡಿಯಲ್ಲಿ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಚೋಮನ ಪಾತ್ರ ಮಾಡಿದವರು ಎಂ.ವಿ. ವಾಸುದೇವ ರಾವ್.  ಅವರ ಹುಟ್ಟೂರು ಮೂಡುಬಿದಿರೆ. ಈ ಚಿತ್ರಕ್ಕೆ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟನ ರಾಷ್ಟ್ರಪ್ರಶಸ್ತಿ. ಕನ್ನಡದ ನಟನೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಮೂಡುಬಿದಿರೆ ಎಂದರೆ ಸಾವಿರ ಕಂಬದ ಬಸದಿ ನೆನಪಾಗುತ್ತದೆ, ಆಳ್ವಾಸ್ ನೆನಪಾಗುತ್ತದೆ. ವಾಸುದೇವ ರಾಯರೂ ನೆನಪಾಗಬೇಕು.

ಈಗ ಕಿವಿಯ ಮಾತಿಗೆ ಬರೋಣ. ಚೋಮನ ಕಥೆ ನಡೆಯುವುದು ತುಳುನಾಡಿನಲ್ಲಿ. ಮನೆಯಲ್ಲಿ ಅವನು ಆಡುವ ಮಾತು ತುಳುವೇ ಆಗಿರಬೇಕು. ಕಾದಂಬರಿಯಲ್ಲೂ ಸಿನಿಮಾದಲ್ಲೂ ಅವನು ಕನ್ನಡ ಆಡುತ್ತಾನೆ. ಆಗ ತುಳು ಸಿನಿಮಾ ಹುಟ್ಟಿ ನಾಲ್ಕು ವರ್ಷವಷ್ಟೇ ಆಗಿತ್ತು. ಹಾಗಾದರೆ ಚೋಮನ ಸ್ವಂತ ದನಿ ಎಲ್ಲಿದೆ? ಈ ಸಲ ಗಮನವಿಟ್ಟು ಕೇಳಿದಾಗ ನನಗೆ ಅನ್ನಿಸಿದ್ದು ಇದು. ಅದು ಅವನ ದುಡಿಯಲ್ಲಿದೆ.

ಅವನಿಗೆ ಸ್ವಂತ ಭೂಮಿಯಿಲ್ಲ. ಎರಡು ಎತ್ತುಗಳಿವೆ. ಒಂದು ತುಂಡು ಗದ್ದೆ ಉಳಬೇಕೆಂಬ ಆಸೆ. ಅವನ ಜಾತಿಯವನು ಬೇಸಾಯ ಮಾಡಬಾರದೆಂದು ಊರಿನ ಕಟ್ಟು. ಒಡೆಯನ ಅಂಗಳದಲ್ಲಿ ದೂರ ನಿಂತು ಮಾತಾಡುವಾಗ ಅವನ ಗಂಟಲು ಕುಗ್ಗುತ್ತದೆ. ಮಾತು ಅರ್ಧದಲ್ಲೇ ನಿಲ್ಲುತ್ತದೆ. ಸಂಜೆ ಗುಡಿಸಲಿಗೆ ಬಂದು ದುಡಿ ಎತ್ತಿಕೊಂಡರೆ ಆ ನಿಂತ ಮಾತು ಮುಂದುವರಿಯುತ್ತದೆ. ಮಕ್ಕಳು ಕುಣಿಯುವಾಗ ಅದರ ಬಡಿತ ಒಂದು ಥರ. ಕಾಫಿ ತೋಟದ ಸಾಲ ತೀರಿಸಲು ಹೋದ ಮಗ ತಿರುಗಿ ಬಾರದಾಗ ಇನ್ನೊಂದು ಥರ. ಕಿರಿಯ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದರೂ ಮುಟ್ಟಿ ಎತ್ತುವವರಿಲ್ಲ. ಆ ರಾತ್ರಿಯ ಚೋಮನ ಸಿಟ್ಟನ್ನು ಯಾವ ಭಾಷೆಯಲ್ಲಿ ಹೇಳಿದರೂ ಸಾಲುತ್ತಿರಲಿಲ್ಲ. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ನೇಗಿಲು ಮುರಿದು, ಬಾಗಿಲು ಹಾಕಿಕೊಂಡು ಬಡಿಯುತ್ತಾನಲ್ಲ, ಅದನ್ನು ನೀವು ಪರದೆಗೆ ಬೆನ್ನು ಹಾಕಿ ಕೂತು ಕೇಳಿದರೂ ಎಲ್ಲವೂ ತಿಳಿಯುತ್ತದೆ.

ಚಿತ್ರಕ್ಕೆ ಸಂಗೀತವೂ ಬಿ.ವಿ. ಕಾರಂತರದೇ. ಮುಂದೆ 'ಋಷ್ಯಶೃಂಗ', 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಎಂಥ ವಸ್ತುವಿನಿಂದಲೂ ನಾದ ಹೊರಡಿಸಬಲ್ಲ ಮನುಷ್ಯ ಇಲ್ಲಿ ವಾದ್ಯಗಳ ರಾಶಿ ಹಾಕಲಿಲ್ಲ. ಒಂದು ದುಡಿಯನ್ನು ನಂಬಿದರು. 'ಘಟಶ್ರಾದ್ಧ'ವನ್ನು ಈಚೆಗೆ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. 'ಚೋಮನ ದುಡಿ'ಯ ಸದ್ದೂ ಹಾಗೆ ತೊಳೆದು ಹೊಸದಾಗಿ ಕೇಳುವಂತಾಗಬೇಕು ಎಂಬುದು ನನ್ನ ಆಸೆ. ಹಳೆಯ ಪ್ರತಿಯಲ್ಲಿ ಸಣ್ಣ ದನಿಗಳು ಗೊರಗೊರ ಸದ್ದಿನಲ್ಲಿ ಕಳೆದುಹೋಗುತ್ತಿವೆ. ಚೋಮನ ಮಗಳು ಬೆಳ್ಳಿಯ ಪಾತ್ರ ಮಾಡಿದ ಪದ್ಮಾ ಕುಮಟಾ ಅವರ ಮಾತುಗಳನ್ನಂತೂ ಕಿವಿಗೊಟ್ಟು ಹೆಕ್ಕಿಕೊಳ್ಳಬೇಕು.

ನನ್ನ ಸಮಯ ಮುಗಿಯುತ್ತಾ ಬಂತು. ಮಂಚಿಯ, ಮೂಡುಬಿದಿರೆಯ, ಬೆಳ್ತಂಗಡಿಯ ಶಾಲೆ ಕಾಲೇಜುಗಳಲ್ಲಿ ಪಾಠ ಮಾಡುವ ಮೇಷ್ಟ್ರುಗಳು, ಟೀಚರುಗಳು ಕೇಳುತ್ತಿದ್ದರೆ ಅವರಲ್ಲಿ ಒಂದು ವಿನಂತಿ. ಈ ವರ್ಷ ಒಂದು ಶನಿವಾರ ಮಧ್ಯಾಹ್ನ ಮಕ್ಕಳನ್ನು ಸಭಾಭವನದಲ್ಲಿ ಕೂರಿಸಿ 'ಚೋಮನ ದುಡಿ' ಹಾಕಿ. ಪ್ರೊಜೆಕ್ಟರು ಈಗ ಬಹಳ ಕಡೆ ಇದೆ. ಆದರೆ ಸ್ಪೀಕರು ಚೆನ್ನಾಗಿರುವುದನ್ನೇ ತನ್ನಿ. ಬಿ.ವಿ. ಕಾರಂತರು ಮಂಚಿಯವರು, ವಾಸುದೇವ ರಾಯರು ಮೂಡುಬಿದಿರೆಯವರು ಎಂದು ಮೊದಲು ಹೇಳಿ. ಆಮೇಲೆ ದೀಪ ಆರಿಸಿ.